ಹುಳದ ಮನೆಗೆ ವೈಫೈ

ಮೀನಾಕ್ಷಮ್ಮನಿಗೆ ಫೋನಿನಲ್ಲಿ ಧಾರಾವಾಹಿ ನೋಡುವ ಹುಚ್ಚು ಎಂದು ಮನೆಮಂದಿಯೆಲ್ಲ ನಂಬಿದ್ದರು. ಅದರಲ್ಲಿ ಯಾರು ಯಾರ ಸೊಸೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಬಂಡೂರಿನಿಂದ ತವರೂರು ಕೊಪ್ಪಕ್ಕೆ ಬಂದವಳು, ಹಿಪ್ಪುನೇರಳೆ ತೋಟದಾಚೆಯ ರೇಷ್ಮೆ ಹುಳದ ಮನೆಯನ್ನು ತಾನೇ ನೋಡಿಕೊಳ್ಳುತ್ತೇನೆಂದು ಅಲ್ಲಿನ ಕೋಣೆಯಲ್ಲಿ ಉಳಿದಿದ್ದಳು. ಅಲ್ಲಿಗೆ ವೈಫೈ ಬರುತ್ತಿರಲಿಲ್ಲ, ತಮ್ಮನ ಮನೆಯ ಜಗುಲಿಯಲ್ಲಿ ಬರುತ್ತಿತ್ತು. ಸಂಜೆಯಾದರೆ ಫೋನು ಹಿಡಿದು ಬಂದು ಕೂರುವಳು. ತಮ್ಮನ ಹೆಂಡತಿ ನಯನ ಅವರೆಕಾಯಿ ಸುಲಿಯುತ್ತ ಊರ ಸುದ್ದಿಯೆಲ್ಲ ಹೇಳುವಳು. ಮಾತು ಮುಗಿಯುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು. ಕರೆಯದೆ ಉಣ್ಣಲು ಹೋಗುವ ಜಾಯಮಾನ ಅವಳದಲ್ಲ. ವೈಫೈ ಒಂದು ನೆಪ.

ತಮ್ಮ ಕೆಂಪರಾಜು ಒಳ್ಳೆಯವನು. ಅದೇ ಫಜೀತಿ. ಅಕ್ಕ ಪಾಪ ದಿನಾ ಅಷ್ಟು ದೂರ ನಡೆಯುತ್ತಾಳೆಂದು ಮದ್ದೂರಿನಿಂದ ಕೆಲಸದವನನ್ನು ಕರೆಸಿ, ಮನೆಯ ತಾರಸಿಗೊಂದು, ಹುಳದ ಮನೆಯ ಹೊರಗೋಡೆಗೊಂದು ವೈಫೈ ದಾಟಿಸುವ ಬಿಳಿ ಡಬ್ಬಿ ಎದುರುಬದುರು ಕೂರಿಸಿದ.

"ಇನ್ಮ್ಯಾಕೆ ನೀನು ಬರೋ ಅಂಗೇ ಇಲ್ಲ ಕಣಕ್ಕ. ಇಲ್ಲೇ ಆರಾಮಾಗಿ ನೋಡ್ಕೊ," ಎಂದ.

ನಾಲ್ಕು ದಿನ ಅವಳು ಒಬ್ಬಳಿಗಷ್ಟೇ ಮುದ್ದೆ ತಿರುವಿ ಉಂಡಳು. ರುಚಿ ಹತ್ತಲಿಲ್ಲ.

ಹುಳಗಳು ಪೊರೆ ಬಿಡುವಾಗ ಮೇವು ತೊರೆದು ಕೂರುವುದಕ್ಕೆ ಸಾಕುವವರು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಮುಗಿಸಿ ಎದ್ದ ಹುಳಗಳು ಸೊಪ್ಪನ್ನು ಚರಚರ ಮೇಯುತ್ತಿದ್ದ ದಿನ ಮೀನಾಕ್ಷಮ್ಮ ಮನಸ್ಸು ಗಟ್ಟಿ ಮಾಡಿಕೊಂಡು ಜಗುಲಿಗೆ ಬಂದಳು.

"ಆ ಡಬ್ಬಿ ತೆಗ್ಸು ಕೆಂಪ. ಅದು ಬಂದು ಕುಂತಾಗಿಂದ ಸರಿಯಿಲ್ಲ. ಜ್ವರ ಎದ್ರೂ ಹುಳ ಸೊಪ್ಪು ಮುಟ್ತಿಲ್ಲ."

ಡಬ್ಬಿ ಹೋದರೆ ಜಗುಲಿ ಮತ್ತೆ ಸಿಗುತ್ತದೆ ಎಂಬುದು ಅವಳ ಎಣಿಕೆ. ಕೆಂಪರಾಜುವಿನ ಮುಖ ಬಾಡಿತು. ಕೂಡಲೇ ಅಕ್ಕನ ಜೊತೆಗೇ ಹೋಗಿ ಡಬ್ಬಿ ಬಿಚ್ಚಿದ. ಆದರೆ ಹುಳದ ಮನೆಯ ಹೊಸ್ತಿಲು ದಾಟಲಿಲ್ಲ.

"ಸೋಂಕಿದ್ರೂ ಇರಬೌದು ಅಕ್ಕ. ಊರೋರ ಹುಳಕ್ಕೂ ಅಂಟ್ಕಂಡಾತು. ಗೂಡು ಕಟ್ಟೋಗಂಟ ನೀನು ಇಲ್ಲಿಂದ ಕದಲಬ್ಯಾಡ. ನಾವೂ ಒಳಕ್ಕೆ ಬರಾಕಿಲ್ಲ. ಊಟ ಬಾಗ್ಲಿಗೇ ಬತ್ತದೆ."

ಮಾಡಿದ್ದುಣ್ಣೋ ಮಹರಾಯ ಅನ್ನುವುದು ಇದಕ್ಕೇ.

ಸಂಜೆ ನಯನ ಕ್ಯಾರಿಯರ್ ತಂದು ಬಾಗಿಲಾಚೆ ಇಟ್ಟು, "ಅತ್ಗೆ, ಊಟ," ಎಂದು ಕೂಗಿ ಹಿಂದಕ್ಕೆ ಸರಿದಳು. ಮೀನಾಕ್ಷಮ್ಮ ಓಡಿ ಬಂದಳು. ಸುಳ್ಳು ಹೇಳ್ಬುಟ್ಟೆ ಕಣವ್ವ, ನಿಮ್ ಜೊತೆ ಕೂರಾಕೆ ಜೀವ ಎಳೀತದೆ ಎಂಬ ಮಾತು ಗಂಟಲವರೆಗೆ ಬಂತು.

"ಉಪ್ಪಿನಕಾಯಿ ಆಕಿದ್ದೀಯಾ?" ಎಂದಳು.

"ಆಕಿವ್ನಿ ಅತ್ಗೆ," ಎಂದ ನಯನ ಆಗಲೇ ಮನೆಯ ಕಡೆ ತಿರುಗಿದ್ದಳು.