ಮುಗಿಯಲೊಲ್ಲದ ಕರೆಂಟಿನ ಕೆಲಸ

ಊರಿಗೆ ಕರೆಂಟು ಬಂದ ವರ್ಷ ದೊಡ್ಡ ಮನೆಯ ಗೋಡೆ ಕೊರೆದು ತಂತಿ ಎಳೆಯಲು ಒಬ್ಬ ಮನುಷ್ಯ ಬಂದ. ಹತ್ತು ದಿನದ ಕೆಲಸ ಅಂದಿದ್ದ. ಇಪ್ಪತ್ತೈದನೆಯ ದಿನವೂ ಏಣಿಯ ಮೇಲೇ ಇದ್ದ.

ಇದರಿಂದ ಎಲ್ಲರಿಗಿಂತ ಹೆಚ್ಚು ರೋಸಿಹೋದವಳು ಆ ಮನೆಯ ದೀಪದ ಹುಡುಗಿ. ಅವಳಿಗೆ ಹತ್ತೊಂಬತ್ತು ವರ್ಷ. ಅಲ್ಲಿ ಅಡುಗೆ ನೋಡಿಕೊಳ್ಳುತ್ತಿದ್ದ ಸೋದರತ್ತೆ ಅವಳನ್ನು ಕರೆತಂದು ಕೆಲಸಕ್ಕೆ ಸೇರಿಸಿ ನಾಲ್ಕು ವರ್ಷವಾಗಿತ್ತು. ಮನೆಯ ನಲವತ್ತೆರಡು ಸೀಮೆಎಣ್ಣೆ ದೀಪಗಳ ಬತ್ತಿ ಕತ್ತರಿಸಿ, ಗಾಜಿನ ಬುರುಡೆಗಳ ಮಸಿ ಒರೆಸಿ, ಎಣ್ಣೆ ತುಂಬಿ, ಸಂಜೆಗೆ ಕೋಣೆ ಕೋಣೆಗೂ ಒಯ್ದಿಡುವುದು ಅವಳ ಪಾಲಿನದು. ಈಗ ಅದರ ಮೇಲೆ ಈ ಪುಣ್ಯಾತ್ಮನ ಧೂಳು ಬೇರೆ. ಅವನು ಉಳಿ ಇಟ್ಟಲ್ಲೆಲ್ಲ ಗಾರೆ ಉದುರುತ್ತಿತ್ತು. ಒರೆಸಿ ಸಾಲಾಗಿ ಇಟ್ಟ ಬುರುಡೆಗಳ ಮೇಲೆ ಅದು ಹೋಗಿ ಕೂರುತ್ತಿತ್ತು. ಅವಳು ಮತ್ತೆ ಮೊದಲಿಂದ ಶುರು ಮಾಡಬೇಕು.

"ಇನ್ನೆಷ್ಟು ದಿನ?" ಎಂದು ದಿನಾ ಕೇಳುತ್ತಿದ್ದಳು.

"ಆಗ್ತಾ ಬಂತು," ಎಂದು ದಿನಾ ಹೇಳುತ್ತಿದ್ದ. ಅಷ್ಟು ಹೇಳಿ ಬಾಯಿಗೆ ಮೊಳೆ ಕಚ್ಚಿಕೊಂಡುಬಿಡುತ್ತಿದ್ದ. ಮೊಳೆ ಕಚ್ಚಿದವನ ಹತ್ತಿರ ಜಗಳ ಆಡುವುದಾದರೂ ಹೇಗೆ?

ಮನುಷ್ಯ ಕೆಟ್ಟವನಲ್ಲ, ಅದೇ ಅವಳ ಕಷ್ಟ. ಅವಳು ಬಕೆಟ್ಟು ಎತ್ತುವುದು ಕಂಡರೆ ಏಣಿ ಇಳಿದು ಬಂದು ತಾನೇ ಹೊರುತ್ತಿದ್ದ, ಅರ್ಧ ನೀರನ್ನು ಮೆಟ್ಟಿಲ ಮೇಲೆ ಚೆಲ್ಲುತ್ತಿದ್ದ. ಅದನ್ನೂ ಅವಳೇ ಒರೆಸಬೇಕಿತ್ತು. ಅಡುಗೆಮನೆಯ ಕಿಟಕಿಯಿಂದ ಅತ್ತೆ ಇದನ್ನೆಲ್ಲ ನೋಡಿ ಮುಸಿಮುಸಿ ನಗುತ್ತಿದ್ದಳು. ಅದು ಕಂಡರಂತೂ ಹುಡುಗಿಗೆ ಮೈ ಉರಿಯುತ್ತಿತ್ತು.

ಇಪ್ಪತ್ತಾರನೆಯ ದಿನ ಬೆಳಿಗ್ಗೆ ಅವಳು ಪೊರಕೆ ಹಿಡಿದು ಊಟದ ಕೋಣೆಗೆ ಹೋದಾಗ ಅವನು ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದ. ತಂತಿ ಮುಚ್ಚುವ ಮರದ ಪಟ್ಟಿಯನ್ನು ಹಿಂದಿನ ದಿನವಷ್ಟೇ ಅಲ್ಲಿ ಹೊಡೆದಿದ್ದ. ಈಗ ಇಕ್ಕಳ ಹಿಡಿದು ಅದೇ ಪಟ್ಟಿಯ ಮೊಳೆಗಳನ್ನು ಒಂದೊಂದಾಗಿ ಕೀಳುತ್ತಿದ್ದ. ಕಿತ್ತು, ಪಟ್ಟಿಯನ್ನು ಅದೇ ಜಾಗಕ್ಕೆ ಒತ್ತಿ ಹಿಡಿದು, ಮತ್ತೆ ಸುತ್ತಿಗೆ ಎತ್ತಿಕೊಂಡ.

ಅವಳಿಗೆ ಪಿತ್ತ ನೆತ್ತಿಗೇರಿತು.

"ರೀ, ಏನ್ರೀ ಮಾಡ್ತಿದೀರಾ?"

ಅವನ ಕೈಯಿಂದ ಸುತ್ತಿಗೆ ಜಾರಿತು.

"ಎಷ್ಟು ದಿನದಿಂದ ನಡೀತಿದೆ ಈ ನಾಟಕ?"

"ಎರಡು ವಾರ," ಎಂದ ನೆಲ ನೋಡುತ್ತ. "ಕೆಲಸ ಎಲ್ಲ ಯಾವಾಗಲೋ ಮುಗಿದಿದೆ."

"ಎರಡು ವಾರ ನಾನು ಗುಡಿಸಿದ್ದು ಸುಮ್ಮನೆ ಉದುರಿಸಿದ ಧೂಳಾ?"

"ಕರೆಂಟು ದೀಪ ಹತ್ತಿದ ದಿನ ನಿಮ್ಮನ್ನ ಕಳಿಸಿಬಿಡ್ತಾರಂತೆ. ಅಮ್ಮಾವ್ರು ಯಜಮಾನ್ರ ಹತ್ರ ಹೇಳ್ತಿದ್ರು, ಇನ್ನು ಆ ಹುಡುಗಿಗೆ ಇಲ್ಲೇನು ಕೆಲಸ ಅಂತ. ನಾನು ಏಣಿ ಮೇಲಿದ್ದೆ, ಕಿವಿಗೆ ಬಿತ್ತು. ನಿಮಗೆ ಹೇಗೆ ಹೇಳೋದು ಗೊತ್ತಾಗ್ಲಿಲ್ಲ. ಅದಕ್ಕೇ ನಿಧಾನ ಮಾಡ್ದೆ."

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. ಸಿಟ್ಟು ಮಾತ್ರ ಇಳಿಯಲಿಲ್ಲ.

"ಅವತ್ತೇ ಹೇಳಿದ್ರೆ ಇಷ್ಟು ಹೊತ್ತಿಗೆ ಬೇರೆ ಮನೆ ಹುಡುಕಿಕೊಂಡಿರ್ತಿದ್ದೆ. ನನ್ನ ಪರವಾಗಿ ಯೋಚನೆ ಮಾಡಿ ಅಂತ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ."

"ಇವತ್ತು ಸಂಜೆ ದೀಪ ಹತ್ತಬೇಕು," ಎಂದು ಹೇಳಿ ಅವಳು ಸೀದಾ ಅಮ್ಮನವರ ಕೋಣೆಗೆ ಹೋದಳು.

ಕಳಿಸುವ ಮಾತು ನಿಜವೇ ಎಂದು ಕೇಳಿದ್ದಕ್ಕೆ ಅಮ್ಮನವರು ಮುಖ ಸಣ್ಣದು ಮಾಡಿಕೊಂಡು ಹೌದೆಂದರು. ಅವಳು ಅಳಲಿಲ್ಲ. ಒಳ್ಳೆಯ ಕೆಲಸದವಳೆಂದು ಒಂದು ಕಾಗದ ಬರೆದುಕೊಡಿ ಎಂದು ಕೇಳಿದಳು. ಅವರು ಅಲ್ಲೇ ಕೂತು ಎರಡು ಪುಟ ಬರೆದುಕೊಟ್ಟರು. ಅದನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು ಬಂದು ಅವಳು ತನ್ನ ಬಟ್ಟೆ ಗಂಟು ಕಟ್ಟಿದಳು.

ಸಂಜೆ ಮನೆಮಂದಿಯೆಲ್ಲ, ಹಗಲಲ್ಲೂ ಮಬ್ಬುಗತ್ತಲೆ ಇರುತ್ತಿದ್ದ ದೊಡ್ಡ ಹಜಾರದಲ್ಲಿ ಸೇರಿದರು. ಕರೆಂಟಿನವನು ಸ್ವಿಚ್ಚು ಒತ್ತಿದ. ಬಲ್ಬುಗಳು ಒಮ್ಮೆಲೇ ಹತ್ತಿದವು. ಎಲ್ಲರೂ ಹಾ ಎಂದು ಬಾಯಿ ತೆರೆದರು, ತೆರೆದ ಬಾಯಿ ಹಾಗೇ ನಿಂತಿತು. ಎಣ್ಣೆ ದೀಪದ ಮಂದ ಬೆಳಕಿನಲ್ಲಿ ಅಷ್ಟು ವರ್ಷ ಯಾರಿಗೂ ಕಾಣದಿದ್ದುದೆಲ್ಲ ಈಗ ಎದ್ದು ಕಾಣುತ್ತಿತ್ತು: ಸೂರಿನ ಮೂಲೆಗಳಲ್ಲಿ ಕಪ್ಪು ಜೇಡರಬಲೆ, ಪಟಗಳ ತಲೆಯ ಮೇಲೆ ಬೆರಳು ದಪ್ಪದ ಮಸಿ, ಪರದೆಗಳ ಮಡಿಕೆಯಲ್ಲಿ ಯಾವ ಕಾಲದ್ದೋ ಕಲೆಗಳು.

ಅಮ್ಮನವರು ಮೂಗಿಗೆ ಸೆರಗು ಒತ್ತಿಕೊಂಡರು. "ಇಷ್ಟು ಕೊಳೆಯಲ್ಲಿ ನಾವು ಬದುಕ್ತಿದ್ವಾ?" ಎಂದು ಕೇಳಿ, ಹುಡುಗಿಯ ಕಡೆ ತಿರುಗಿದರು. "ನೀನು ಎಲ್ಲಿಗೂ ಹೋಗೋದು ಬೇಡಮ್ಮ. ನಾಳೆ ಬೆಳಿಗ್ಗೆ ಸೂರಿನಿಂದ ಶುರುಮಾಡು."

ಅವಳಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಹೋಗಿ ಗಂಟು ಬಿಚ್ಚಿದಳು. ಕಾಗದವನ್ನು ಮಾತ್ರ ವಾಪಸು ಕೊಡಲಿಲ್ಲ.

ಅವನು ಹತಾರದ ಪೆಟ್ಟಿಗೆ ಹಿಡಿದು ಹಿತ್ತಿಲ ಬಾಗಿಲಲ್ಲಿ ಕಾಯುತ್ತಿದ್ದ.

"ಇನ್ನೇನು?" ಎಂದಳು.

"ಬಲ್ಬು ಒಂದೊಂದ್ಸಲ ಹೋಗ್ತವೆ. ನೋಡೋಕೆ ಬರಬೇಕಾಗತ್ತೆ."

"ನೋಡೋದು ಬಲ್ಬನ್ನೇ ಆದ್ರೆ ಅಮ್ಮಾವ್ರ ಹತ್ರ ಹೇಳಿ. ನನ್ನ ಹತ್ರ ಯಾಕೆ ಹೇಳ್ತೀರಾ?"

ಅವನ ಕಿವಿ ಕೆಂಪಾಯಿತು. ಬಾಯಲ್ಲಿ ಆಗ ಮೊಳೆಗಳೇನೂ ಇರಲಿಲ್ಲ, ಆದರೂ ಮಾತು ಹೊರಡಲಿಲ್ಲ. ಅವಳು ಮನಸ್ಸಲ್ಲೇ ಹತ್ತರವರೆಗೆ ಎಣಿಸಿ ಕಾದು ನೋಡಿದಳು. ಈ ಮನುಷ್ಯನಿಗೆ ಒಂದು ಮಾತು ಆಡಲು ಇನ್ನೊಂದು ಇಪ್ಪತ್ತಾರು ದಿನ ಬೇಕೆಂದು ಖಾತ್ರಿಯಾಯಿತು.

"ಭಾನುವಾರ ಮಧ್ಯಾಹ್ನ ನನಗೆ ರಜೆ," ಎಂದಳು ಕೊನೆಗೆ. "ಬಂದು ಅತ್ತೆ ಹತ್ರ ಮಾತಾಡಿ. ಅತ್ತೆಗೆ ಸುತ್ತಿ ಬಳಸಿ ಹೇಳೋರು ಆಗೋದಿಲ್ಲ, ಮೊದಲೇ ಹೇಳಿರ್ತೀನಿ."

ಭಾನುವಾರ ಅವನು ಬಂದ. ಅಡುಗೆಮನೆಯ ಮಣೆಯ ಮೇಲೆ ಕೂತು ಒಂದು ಗಂಟೆ ಹೊತ್ತು ತಾಮ್ರದ ತಂತಿಯ ಗುಣಗಾನ ಮಾಡಿದ. ಅತ್ತೆ ತರಕಾರಿ ಹೆಚ್ಚುತ್ತ ಕೇಳಿದಷ್ಟು ಕೇಳಿ, ಚಾಕು ಕೆಳಗಿಟ್ಟು, "ಹುಡುಗಿ ಬೇಕೋ ಬೇಡವೋ, ಅದು ಹೇಳಪ್ಪ, ಒಲೆ ಮೇಲೆ ಪಾತ್ರೆ ಇದೆ," ಎಂದಳು.

"ಬೇಕು," ಎಂದ ಅವನು.

ಬಾಗಿಲ ಹಿಂದೆ ನಿಂತಿದ್ದ ಹುಡುಗಿ ಅಬ್ಬಾ ಎಂದು ಉಸಿರು ಬಿಟ್ಟಳು, ಒಳಗೆ ಬಂದು ಅವನ ಪಕ್ಕ ಕೂತಳು.