ಗೌಸಣ್ಣ ಬಿಚ್ಚಿಟ್ಟಿದ್ದ ಜೀಪು

"ಇನ್ನೊಂಚೂರು ನೂಕ್ರಿ!" ಎಂದು ದ್ಯಾಮಪ್ಪ ಕೂಗಿದ.

ಎಲ್ಲರೂ ಸೇರಿ ನೂಕಿದರು. ಹಳೆಯ ಜೀಪಿನ ಮುಂದಿನ ಒಂದು ಗಾಲಿ ಗೋಡೆಯ ಕಡೆ ತಿರುಗಿತು, ಇನ್ನೊಂದು ಗಟಾರದ ಕಡೆ. ಜೀಪು ಗೇಟಿಗೆ ಅಡ್ಡಲಾಗಿ ಸಿಕ್ಕಿಕೊಂಡಿತು.

ಒಳಗೆ ಪಡಸಾಲೆಯಲ್ಲಿ ಮಹಮ್ಮದಗೌಸನ ಮೈಗೆ ಕಫನ್ನಿನ ಬಿಳಿ ಬಟ್ಟೆ ಹೊದಿಸಿಯಾಗಿತ್ತು. ಸವಣೂರಿನಲ್ಲಿ ಹಳೆಯ ಗಾಡಿಗಳ ಸ್ಟೇರಿಂಗ್ ರಿಪೇರಿ ಎಂದರೆ ಅವನೇ. ಯಲವಿಗಿಯ ದ್ಯಾಮಪ್ಪನ ಈ ಜೀಪಿನ ಸ್ಟೇರಿಂಗ್ ರಾಡುಗಳನ್ನು ಬಿಚ್ಚಿ ಗ್ರೀಸು ತುಂಬಲು ಕುಳಿತಿದ್ದವನು ನಿನ್ನೆ ಎದೆ ಹಿಡಿದುಕೊಂಡು ಅಲ್ಲೇ ಒರಗಿದ್ದ. ಮನೆಗೆ ಇದ್ದದ್ದು ಒಂದೇ ಗೇಟು. ಜೀಪು ಸರಿಯದೆ ಅವನನ್ನು ಹೊತ್ತ ಜನಾಜಾ ಹೊರಡುವಂತಿರಲಿಲ್ಲ.

"ಎತ್ತಿ ಆಚೆ ಇಡೂಣು," ಎಂದ ಗೌಸನ ತಮ್ಮ ಖಾದರಸಾಬ.

"ಎಲ್ಲಿ ಇಡ್ತಿ ಕಾಕಾ? ಓಣಿ ಸಣ್ಣದು, ರಸ್ತೆತನಕ ಒಯ್ಯಬೇಕು," ಎಂದ ಮಗ ರಿಯಾಜ. ಶಿಗ್ಗಾವಿಯಲ್ಲಿ ಅರಿವೆ ಅಂಗಡಿ ಇಟ್ಟವನು. ಬಿಚ್ಚಿಟ್ಟಿದ್ದ ರಾಡನ್ನು ಕೈಯಲ್ಲಿ ತಿರುವಿ ನೋಡಿದ. "ಗಾಲಿ ಕೂಡಸೋ ರಾಡ್ ಹೆಂಗರ ಹಾಕಬಹುದು. ಈ ಸ್ಟೇರಿಂಗಿಂದು? ಸ್ಪ್ರಿಂಗ್ ಒಳಗೋ, ಹೊರಗೋ?"

"ಒಂದು ತುದಿಗೆ ಒಳಗ, ಇನ್ನೊಂದಕ್ಕ ಹೊರಗ."

ಬಾಗಿಲಲ್ಲಿ ರಹಿಮಾಬಿ ನಿಂತಿದ್ದಳು.

"ಭಾಬಿ, ಇವತ್ತಾರ ಒಳಗ ಇರ್ರಿ. ಜನಾ ಏನಂದಾರು?" ಎಂದ ಖಾದರಸಾಬ.

"ಏನಾರ ಅನ್ನಲಿ. ಜೀಪ್ ಸರೀಲಿಲ್ಲಂದ್ರ ನಿಮ್ಮಣ್ಣ ಇಲ್ಲೇ ಇರಬೇಕೇನು?"

*

ಮದುವೆಯಾದ ಹೊಸದರಲ್ಲಿ ಗೌಸ ಬಿಚ್ಚಿದ ಸಾಮಾನನ್ನು ಸೀಮೆಎಣ್ಣೆಯಲ್ಲಿ ತೊಳೆದುಕೊಡುವ ಕೆಲಸ ರಹಿಮಾಬಿಗೆ ಬಿದ್ದಿತ್ತು. ಒಮ್ಮೆ ಎಲ್ಲ ಜೋಡಿಸಿದ ಮೇಲೂ ಸ್ಟೇರಿಂಗ್ ತಿರುಗದೆ ಅವನು ತಲೆ ಕೆರೆದುಕೊಳ್ಳುತ್ತ ಕುಳಿತಿದ್ದ.

"ಬಿಚ್ಚುವಾಗ ಈ ಸ್ಪ್ರಿಂಗ್ ಒಳಗ ಇತ್ತಲ್ರಿ," ಎಂದಳು ಹೆದರುತ್ತಲೇ.

ಅವನು ಅವಳನ್ನೇ ನೋಡಿದ. ಆಮೇಲೆ ಜೋರಾಗಿ ನಕ್ಕು ಮತ್ತೆ ಬಿಚ್ಚಿದ. ಅಂದಿನಿಂದ ಯಾವ ರಾಡನ್ನೂ ಅವಳಿಗೆ ತೋರಿಸದೆ ಮುಚ್ಚಿದವನಲ್ಲ. "ರಹಿಮಾ, ಸ್ವಲ್ಪ ನೋಡ ಬಾ." ಅವನಿಗೆ ಗೊತ್ತೇ ಇರುತ್ತಿತ್ತು. ಅವನಿಗೆ ಗೊತ್ತಿದೆ ಎಂಬುದು ಅವಳಿಗೂ ಗೊತ್ತಿತ್ತು. ಆದರೂ ಹಂಚಿನ ಮೇಲಿನ ರೊಟ್ಟಿ ಬಿಟ್ಟು ಬರುತ್ತಿದ್ದಳು.

*

ರಹಿಮಾಬಿ ಗೋಣಿಚೀಲದ ಮೇಲೆ ಕುಳಿತು ಗ್ರೀಸಿನ ಡಬ್ಬಿಗೆ ಕೈ ಹಾಕಿದಳು. ರಿಯಾಜ ಗಾಲಿಗಳ ರಾಡು ಕೂಡಿಸುವಷ್ಟರಲ್ಲಿ ಸ್ಟೇರಿಂಗ್ ರಾಡಿನ ಒಂದು ತುದಿ ತುಂಬಿತ್ತು. ಮೊದಲು ಸ್ಪ್ರಿಂಗು, ಗುಂಡು ಕೂರುವ ಬಟ್ಟಲು, ನಡುವೆ ಗುಂಡು, ಮತ್ತೆ ಬಟ್ಟಲು.

"ದ್ಯಾಮಣ್ಣಾ, ಮುಚ್ಚಳ ಪೂರಾ ಬಿಗೀರಿ. ಹಾಂ, ಈಗ ಅರ್ಧ ಸುತ್ತ ಸಡಲ ಬಿಡ್ರಿ."

ಪಾನಾ ಹಿಡಿದ ದ್ಯಾಮಪ್ಪ ಮುಖ ಆಚೆ ತಿರುಗಿಸಿಕೊಂಡ. "ಗೌಸಣ್ಣ ಮಾತಾಡಿದಂಗ ಆತು, ವೈನಿ."

ಇನ್ನೊಂದು ತುದಿಗೆ ಬಂದಾಗ ಅವಳ ಬೆರಳುಗಳು ನಿಂತವು. ಬಟ್ಟಲು ಹಿಡಿದುಕೊಂಡು ಪಡಸಾಲೆಯ ಕಡೆ ತಿರುಗಿದಳು, ಏನೋ ಕೇಳುವವಳ ಹಾಗೆ. ಆಮೇಲೆ ತಾನೇ ಬಟ್ಟಲನ್ನು ಒಳಗೆ ಕೂರಿಸಿ, ಸ್ಪ್ರಿಂಗನ್ನು ಕೊನೆಗೆ ಇಟ್ಟಳು.

ದ್ಯಾಮಪ್ಪ ಸ್ಟೇರಿಂಗ್ ಹಿಡಿದು ಕುಳಿತ. ಖಾದರಸಾಬನೇ ಮುಂದಾಗಿ ಹೆಗಲು ಕೊಟ್ಟ. ಎರಡೂ ಗಾಲಿಗಳು ಒಟ್ಟಿಗೆ ತಿರುಗಿದವು. ಜೀಪು ಗೇಟು ದಾಟಿ ಓಣಿಗಿಳಿದು ರಸ್ತೆ ಸೇರಿತು.

ಜನಾಜಾ ಹೊರಗೆ ಬಂತು. ಗೇಟಿನ ಬಳಿ ಖಾದರಸಾಬ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿ, ಕೆಳಗಿಳಿಸಲು ಹೇಳಿದ. "ಭಾಬಿ, ಬರ್ರಿ."

ರಿಯಾಜ ಅಪ್ಪನ ಮುಖದ ಮೇಲಿನ ಬಟ್ಟೆ ಸರಿಸಿದ. ರಹಿಮಾಬಿ ಗ್ರೀಸಾದ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಆ ಬಿಳಿ ಬಟ್ಟೆಗೆ ಎಲ್ಲೂ ತಾಗದಂತೆ ಮೆಲ್ಲಗೆ ಮಂಡಿಯೂರಿ, ಅವನ ಹಣೆಗೆ ತನ್ನ ಹಣೆ ಹಚ್ಚಿದಳು.