ತಾನೇ ಉಳಿಸಿಕೊಳ್ಳುವ ಪುಟ

ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಅಕ್ಕನ ದನಿ ಎದ್ದರೆ ಪಕ್ಕದ ತರಗತಿಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

"ನಿನ್ನೆ ಇಡೀ ಪಾಠ ಟೈಪ್ ಮಾಡಿಟ್ಟಿದ್ದೆ. ಈ ಹಾಳು ಡಬ್ಬ ನುಂಗಿ ನೀರು ಕುಡಿದಿದೆ!"

ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲೇ ನಿಂತು, "ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ," ಎಂದು ಛೇಡಿಸುತ್ತಿದ್ದರು. ಅಕ್ಕನೂ ನಗುತ್ತಿದ್ದಳು. ತಂಗಿಗೆ ಮಾತ್ರ ನಗು ಬರುತ್ತಿರಲಿಲ್ಲ.

ಅಕ್ಕ ಇತಿಹಾಸದ ಟೀಚರ್, ಮಕ್ಕಳ ಬಾಯಲ್ಲಿ ಗುಡುಗಮ್ಮ. ತಂಗಿ ಅದೇ ಶಾಲೆಯ ಕಂಪ್ಯೂಟರ್ ಟೀಚರ್. ಇಬ್ಬರೂ ಮದುವೆಯ ಗೋಜಿಗೆ ಹೋಗದೆ ಒಂದೇ ಮನೆಯಲ್ಲಿದ್ದವರು. ಹಾಗಾಗಿ ಪಾಠ ನುಂಗಿದ್ದು ಡಬ್ಬವಲ್ಲ ಎಂದು ತಂಗಿಗೆ ಗೊತ್ತಿತ್ತು. ಖಾಲಿ ಪಾತ್ರೆ ಒಲೆಯ ಮೇಲೆ ಸೀದದ್ದು, ಆಗಷ್ಟೇ ಹೇಳಿದ ಸುದ್ದಿಯನ್ನು ಅಕ್ಕ ಊಟದ ನಡುವೆ ಹೊಸದಾಗಿ ಹೇಳಿದ್ದು, ಈ ಮರೆವಿಗೆ ಮದ್ದಿಲ್ಲವೆಂದು ಡಾಕ್ಟರು ತಲೆ ಅಲ್ಲಾಡಿಸಿದ್ದು ಎಲ್ಲವನ್ನೂ ಅವಳು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ತರಗತಿ ಕೈತಪ್ಪಿದರೆ ಅಕ್ಕ ಉಳಿಯುವುದಿಲ್ಲ ಎಂಬ ಭಯ ಅವಳಿಗೆ.

ಆಗಲೇ ಮುಖ್ಯೋಪಾಧ್ಯಾಯಿನಿ ತಂಗಿಗೆ ಒಂದು ಕೆಲಸ ಒಪ್ಪಿಸಿದರು. ಬರೆಯುವುದಕ್ಕೆ ಕಂಪ್ಯೂಟರಿನೊಳಗೇ ಇರುವ ಹಳೆಯ ತಂತ್ರಾಂಶ ಒಳ್ಳೆಯದೋ, ಆನ್‌ಲೈನಿನದು ಒಳ್ಳೆಯದೋ, ಮಕ್ಕಳ ಕೈಯಲ್ಲಿ ಬರೆಸಿ ಹೋಲಿಸಿ ಹೇಳಬೇಕು.

ತಂಗಿ ಬರೆಸಿ ನೋಡಿದಳು. ಹಳೆಯದರಲ್ಲಿ ಮಕ್ಕಳು ತಮ್ಮ ಪಾಡಿಗೆ ತಾವು ಬರೆದರು. ಆನ್‌ಲೈನಿನಲ್ಲಿ ಎಲ್ಲರಿಗೂ ಒಂದೇ ಪುಟವಾಗಿ, ಒಬ್ಬರ ಸಾಲಿನ ಮೇಲೆ ಇನ್ನೊಬ್ಬರು ಬಿದ್ದರು. ಇಂಟರ್‌ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನ್ಯಾಯವಾಗಿ ಹಳೆಯದೇ ಗೆದ್ದಿತ್ತು. ಆದರೆ ಕರುಳು ಕೇಳಬೇಕಲ್ಲ! ಹಳೆಯದರಲ್ಲಿ ಸೇವ್ ಒತ್ತಲು ಮರೆತರೆ ಬರೆದದ್ದೆಲ್ಲ ಹೋಯಿತು. ಆನ್‌ಲೈನಿನ ಪುಟ ತಾನೇ ಉಳಿಸಿಕೊಳ್ಳುತ್ತದೆ. ಇನ್ನು ಅಕ್ಕನ ಪಾಠ ಕಳೆಯುವುದಿಲ್ಲ, ಯಾರಿಗೂ ಅನುಮಾನ ಬರುವುದಿಲ್ಲ ಎಂದುಕೊಂಡು ತಂಗಿ ಆನ್‌ಲೈನೇ ಮೇಲು ಎಂದುಬಿಟ್ಟಳು.

ಹೊಸ ವ್ಯವಸ್ಥೆಯಲ್ಲಿ ಅಕ್ಕನ ಮೊದಲ ತರಗತಿ. ಎಲ್ಲರ ಪರದೆಯಲ್ಲೂ ಒಂದೇ ಪುಟ. ಅಕ್ಕ ಟೈಪ್ ಮಾಡಿದಳು: 'ಕೋಟೆಗಳನ್ನು ಎತ್ತರದಲ್ಲಿ ಏಕೆ ಕಟ್ಟುತ್ತಿದ್ದರು?' ಮಕ್ಕಳು ಉತ್ತರ ಬರೆದರು. ಅಕ್ಕ ಕಿಟಕಿಯವರೆಗೆ ಹೋಗಿ ಬಂದು ಕುಳಿತು, ಕೆಳಗೆ ಮತ್ತೆ ಅದೇ ಪ್ರಶ್ನೆ ಬರೆದಳು. ಮಕ್ಕಳು ಕಿಸಕ್ಕನೆ ನಕ್ಕರು. ಮೂರನೆಯ ಸಲ ಯಾರೂ ನಗಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ಮೊದಲ ಸಲವೆಂಬಂತೆ ಉತ್ತರ ಬರೆಯತೊಡಗಿದಳು, ಉಳಿದವರೂ ಬರೆದರು. ಬಾಗಿಲಲ್ಲಿ ನಿಂತಿದ್ದ ಮುಖ್ಯೋಪಾಧ್ಯಾಯಿನಿ ಬಾಗಿಲನ್ನು ಮೆಲ್ಲನೆ ಎಳೆದುಕೊಂಡು ಹೊರಟುಹೋದರು.

ಹಿಂದಿನ ಬೆಂಚಿನಲ್ಲಿದ್ದ ತಂಗಿಗೆ ಆಗ ಹೊಳೆಯಿತು. ಇಷ್ಟು ದಿನ ತಪ್ಪೆಲ್ಲ ತನ್ನ ಮೇಲೆ ಹೊತ್ತು ಅಕ್ಕನ ಮಾನ ಕಾದದ್ದು ಡಬ್ಬದೊಳಗಿನ ಆ ಹಳೆಯ ತಂತ್ರಾಂಶವೇ. ಅದನ್ನು ತಾನೇ ಕೈಯಾರೆ ತೆಗೆಸಿದ್ದಳು.

ಮಕ್ಕಳು ಹೋದ ಮೇಲೆ ಅಕ್ಕ ಕೇಳಿದಳು, "ಎಷ್ಟು ಸಲ ಬರೆದೆ ಕಣೇ?"

"ಎರಡೇ ಸಲ ಅಕ್ಕ."

ಅಕ್ಕ ಕನ್ನಡಕ ಏರಿಸಿ ಪುಟವನ್ನು ಮೇಲಿಂದ ಕೆಳಗೆ ಸರಿಸಿದಳು. ತುಂಬ ಹೊತ್ತು ಓದಿದಳು.

"ಅಳಿಸಿಬಿಡ್ಲಾ?" ಎಂದಳು ತಂಗಿ.

"ಯಾಕೆ? ಪಾಪ, ಪ್ರತಿ ಸಲಾನೂ ಎಷ್ಟು ಚೆನ್ನಾಗಿ ಬರೆದಿದಾರೆ ಮಕ್ಕಳು." ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. "ನಡಿ, ಹೆಡ್‌ಮಿಸ್ ಹತ್ರ ಹೋಗೋಣ. ನಾಳೆಯಿಂದ ನನಗೆ ಕ್ಲಾಸ್ ಬೇಡ ಅಂತ ನಾನೇ ಹೇಳ್ತೀನಿ."

"ಅಕ್ಕ, ಬೇಡ..."

"ನೀನೂ ಜೊತೆಗೆ ಬಾರೇ. ಅವರ ರೂಮಿಗೆ ಹೋಗೋಷ್ಟರಲ್ಲಿ ನಾನು ಮರೆತುಬಿಟ್ರೆ, ನೀನೇ ಹೇಳ್ಬಿಡು."